ಮನೆಯಲ್ಲೇ ಮಟನ್ ಕೈಮಾ–ಚೀಸ್ ಪಫ್: ಪದರ ಬಿಡುವಂತೆ ಮಾಡುವ ಕ್ರಮ

ಬೆಂಗಳೂರಿನ ಬೇಕರಿ ಪಫ್‌ಗೆ ಎರಡು ಮನೆತನಗಳಿವೆ: ಒಂದು ಪೇಟೆಯದು, ಇನ್ನೊಂದು ದಂಡಿನದು. ಹಾಸನದ ಕಡೆಯಿಂದ ಬಂದ ಅಯ್ಯಂಗಾರ್ಯರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿಯನ್ನು ತೆರೆದ ಮೇಲೆ ಬೆಳೆದು ಬಂದ ಪರಂಪರೆಯಲ್ಲಿ ಮೊಟ್ಟೆಗಾಗಲಿ ಮಾಂಸಕ್ಕಾಗಲಿ ಎಡೆಯಿಲ್ಲ. ಅಲ್ಲಿ ಪಫ್ ಎಂದರೆ ಆಲೂಗಡ್ಡೆ, ಬಟಾಣಿ, ಕ್ಯಾರೆಟ್ ಸೇರಿದ ಪಲ್ಯವನ್ನು ತುಂಬಿದ್ದು. ದಂಡು ಪ್ರದೇಶದಲ್ಲಿ, ಫ್ರೇಜರ್ ಟೌನಿನ ಮಾಸ್ಕ್ ರೋಡಿನಲ್ಲಿ 1902ರಿಂದ ನಡೆದುಬಂದಿರುವ ಆಲ್ಬರ್ಟ್ ಬೇಕರಿಯಂಥ ಕಡೆಗಳಲ್ಲಿ ಅದೇ ಪದರದ ಹಿಟ್ಟಿನೊಳಗೆ ಕೈಮಾ ಸೇರಿತು, ಭೇಜಾ, ಅಂದರೆ ಮೆದುಳಿನ ಮಾಂಸ, ಕೂಡ ಸೇರಿತು. ಈ ಬರಹ ಎರಡನೆಯ ಮನೆತನದ ಪಫ್ ಕುರಿತದ್ದು. ಅದಕ್ಕೆ ಒಂದು ತುಂಡು ಚೀಸ್ ಸೇರಿಸಿ, ಮನೆಯ ಅಡುಗೆಮನೆಯಲ್ಲಿ, ಸಾಮಾನ್ಯ ಓಟಿಜಿ ಓವನ್ನಿನಲ್ಲಿ, ಕೈಯಲ್ಲಿ ಹಿಡಿದು ತಿನ್ನುವಂಥ ಹನ್ನೆರಡು ಪಫ್‌ಗಳನ್ನು ಮಾಡುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮನೆಯ ಪಫ್ ಕೆಡುವುದಕ್ಕೆ ಮುಖ್ಯವಾಗಿ ಎರಡೇ ಕಾರಣಗಳಿರುತ್ತವೆ. ಒಂದೋ ಬೆಣ್ಣೆ ಬೆಚ್ಚಗಾಗಿರುತ್ತದೆ, ಇಲ್ಲವೇ ಒಳಗೆ ತುಂಬಿದ ಕೈಮಾ ಒದ್ದೆಯಾಗಿರುತ್ತದೆ. ಮುಂದೆ ಹೇಳುವ ಅಳತೆ, ಕಾಯುವಿಕೆ, ಫ್ರಿಜ್ಜಿಗೆ ಇಟ್ಟು ತೆಗೆಯುವ ಕೆಲಸ ಎಲ್ಲವೂ ಈ ಎರಡನ್ನು ತಡೆಯುವುದಕ್ಕಾಗಿಯೇ ಇವೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ಹಂತದಲ್ಲಿ ಸ್ವಲ್ಪ ಸಡಿಲ ಬಿಡಬಹುದು, ಎಲ್ಲಿ ಬಿಡಲೇಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಹಿಟ್ಟನ್ನು ಎತ್ತುವುದು ಹಬೆ

ಪಫ್ ಹಿಟ್ಟಿನಲ್ಲಿ ಈಸ್ಟ್ ಇರುವುದಿಲ್ಲ, ಸೋಡಾ ಇರುವುದಿಲ್ಲ, ಬೇಕಿಂಗ್ ಪೌಡರ್ ಕೂಡ ಇರುವುದಿಲ್ಲ. ಆದರೂ ಮೂರು ಮಿಲಿಮೀಟರ್ ದಪ್ಪದ ಹಾಳೆ ಓವನ್ನಿನೊಳಗೆ ಹಲವು ಪಟ್ಟು ಎತ್ತರಕ್ಕೆ ಏಳುತ್ತದೆ. ಅದನ್ನು ಎತ್ತುವುದು ನೀರಿನ ಹಬೆ. ಕಣಕದ ಒಂದು ಪದರ, ಬೆಣ್ಣೆಯ ಒಂದು ಪದರ, ಮತ್ತೆ ಕಣಕ, ಮತ್ತೆ ಬೆಣ್ಣೆ ಎಂಬಂತೆ ನೂರಾರು ಪದರಗಳು ಒಂದರ ಮೇಲೊಂದು ಕೂತಿರುತ್ತವೆ. ಬಿಸಿ ತಗುಲಿದೊಡನೆ ಕಣಕದಲ್ಲಿರುವ ನೀರೂ ಬೆಣ್ಣೆಯಲ್ಲಿರುವ ಶೇಕಡ 16ರಷ್ಟು ನೀರೂ ಹಬೆಯಾಗಿ ಮೇಲಕ್ಕೆ ನೂಕುತ್ತವೆ. ನಡುವೆ ಕರಗಿದ ಬೆಣ್ಣೆಯ ಜಿಡ್ಡು ಇರುವುದರಿಂದ ಕಣಕದ ಪದರಗಳು ಒಂದಕ್ಕೊಂದು ಅಂಟಿಕೊಳ್ಳದೆ ಬಿಡಿಬಿಡಿಯಾಗಿ ಎದ್ದು, ಹಾಗೆಯೇ ಬೆಂದು ಗಟ್ಟಿಯಾಗುತ್ತವೆ. ಓವನ್ ಸೇರುವ ಮೊದಲೇ ಬೆಣ್ಣೆ ಕರಗಿ ಕಣಕದೊಳಗೆ ಇಳಿದುಬಿಟ್ಟರೆ ಪದರಗಳ ನಡುವಿನ ಗೋಡೆಯೇ ಬಿದ್ದುಹೋಗುತ್ತದೆ. ಆಮೇಲೆ ಎಷ್ಟೇ ಬಿಸಿ ಕೊಟ್ಟರೂ ಸಿಗುವುದು ಪಫ್ ಅಲ್ಲ, ಜಿಡ್ಡು ಕುಡಿದ ಗಟ್ಟಿ ಬಿಸ್ಕತ್ತು.

ನಾನು ಮೊದಲ ಸಲ ಮಾಡಿದ್ದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಲಟ್ಟಿಸುತ್ತಿದ್ದಾಗಲೇ ಹಿಟ್ಟಿನ ಮೇಲೆ ಅಲ್ಲಲ್ಲಿ ಹಳದಿ ಹೊಳಪು ಕಾಣಿಸಿತ್ತು, ಅದನ್ನು ಲೆಕ್ಕಿಸದೆ ಮುಂದುವರಿದೆ. ಓವನ್ನಿನ ತಟ್ಟೆಯಲ್ಲಿ ಬೆಣ್ಣೆ ಹೊಂಡ ನಿಂತು, ಪಫ್‌ಗಳು ಅದರಲ್ಲೇ ಕರಿದಂತೆ ಚಪ್ಪಟೆಯಾಗಿ ಕೂತಿದ್ದವು. ಹಿಟ್ಟಿನ ಮೇಲಿನ ಆ ಹಳದಿ ಹೊಳಪೇ ಬೆಣ್ಣೆ ಕೊಡುವ ಮೊದಲ ಎಚ್ಚರಿಕೆ. ಅದು ಕಂಡ ಕೂಡಲೇ ಕೆಲಸ ನಿಲ್ಲಿಸಿ ಹಿಟ್ಟನ್ನು ಫ್ರಿಜ್ಜಿಗೆ ಸೇರಿಸಬೇಕು.

ಆದ್ದರಿಂದ ಇದನ್ನು ಎರಡು ದಿನದ ಕೆಲಸವಾಗಿ ಹಂಚಿಕೊಳ್ಳುವುದು ಒಳ್ಳೆಯದು. ಮೊದಲ ದಿನ ಸಂಜೆ ಕೈಮಾ ಬೇಯಿಸಿ, ಕಣಕ ನಾದಿ, ಎರಡನ್ನೂ ಫ್ರಿಜ್ಜಿನಲ್ಲಿಡುವುದು. ಮರುದಿನ ಬೆಳಿಗ್ಗೆ, ಬಿಸಿಲೇರುವ ಮುನ್ನ, ಬೆಣ್ಣೆ ಸೇರಿಸಿ ಮಡಿಕೆ ಹಾಕುವುದು. ಬೆಂಗಳೂರು, ಮೈಸೂರು, ಮಡಿಕೇರಿಯಂಥ ಊರುಗಳಲ್ಲಿ ಬೆಳಗಿನ ಹೊತ್ತು ಸಾಕಷ್ಟು ತಂಪಾಗಿರುತ್ತದೆ. ಕಲಬುರಗಿ, ರಾಯಚೂರಿನ ಬೇಸಗೆಯಲ್ಲಿ ಅಥವಾ ಕರಾವಳಿಯ ಸೆಕೆಯಲ್ಲಿ ಮಾಡುವವರು ಪ್ರತಿಯೊಂದು ಮಡಿಕೆಗೂ ಹಿಟ್ಟನ್ನು ಫ್ರಿಜ್ಜಿಗೆ ಕಳುಹಿಸಬೇಕಾಗುತ್ತದೆ, ಫ್ಯಾನ್ ಗಾಳಿಯನ್ನು ನಂಬಿಕೊಂಡು ಕೂರಬಾರದು.

ಕೈಮಾ

ಹನ್ನೆರಡು ಪಫ್‌ಗೆ 400 ಗ್ರಾಂ ಮಟನ್ ಕೈಮಾ ಬೇಕು. ತೊಡೆ ಅಥವಾ ಭುಜದ ಮಾಂಸವನ್ನು ಸ್ವಲ್ಪ ಕೊಬ್ಬು ಉಳಿಸಿ ಕೈಮಾ ಮಾಡಿಕೊಡಲು ಅಂಗಡಿಯವರಿಗೆ ಹೇಳಿ. ಕೊಬ್ಬು ಪೂರ್ತಿ ತೆಗೆಸಿದರೆ ಬೆಂದ ಕೈಮಾ ಮರಳಿನಂತೆ ಉದುರುತ್ತದೆ. ಹೆಚ್ಚಾದರೆ ಅದು ಕರಗಿ ಪಫ್‌ನ ತಳವನ್ನು ನೆನೆಸುತ್ತದೆ. ಕತ್ತಿಯಲ್ಲಿ ಕೊಚ್ಚಿದ ಕೈಮಾಕ್ಕೆ ಬಾಯಲ್ಲಿ ಹದವಾದ ಹಿಡಿತ ಇರುತ್ತದೆ, ಯಂತ್ರದಲ್ಲಿ ಎರಡು ಸಲ ಹಾಯ್ದದ್ದು ಮುದ್ದೆಗಟ್ಟುತ್ತದೆ. ಸಾಧ್ಯವಿದ್ದರೆ ಮೊದಲನೆಯದನ್ನೇ ಕೇಳಿ ಪಡೆಯಿರಿ. ಮಾಂಸವನ್ನು ತೊಳೆಯುವ ರೂಢಿಯಿರುವವರು ಕೊಚ್ಚಿಸುವ ಮುನ್ನವೇ ತೊಳೆಸಿಕೊಳ್ಳಬೇಕು. ಕೈಮಾ ಆದ ಮೇಲೆ ತೊಳೆದರೆ ಅದು ಸ್ಪಂಜಿನಂತೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಮಗೆ ಬೇಡದಿರುವುದು ಅದೇ ನೀರು.

ಅಗಲವಾದ ಬಾಣಲೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಕಾಯಿಸಿ, ಒಂದು ಚಕ್ಕೆ, ಎರಡು ಲವಂಗ ಹಾಕಿ, ಸಣ್ಣಗೆ ಹೆಚ್ಚಿದ ಎರಡು ದೊಡ್ಡ ಈರುಳ್ಳಿಯನ್ನು ಅಂಚು ಕೆಂಪಾಗುವವರೆಗೆ ಹುರಿಯಬೇಕು. ಈರುಳ್ಳಿಯ ವಿಷಯದಲ್ಲಿ ಅವಸರ ಸಲ್ಲದು. ಬರಿಯ ಬೆವರಿದ ಈರುಳ್ಳಿಯಲ್ಲಿ ನೀರು ಉಳಿದಿರುತ್ತದೆ; ಕೆಂಪಾದ ಈರುಳ್ಳಿಯಲ್ಲಿ ಉಳಿಯುವುದು ರುಚಿ ಮಾತ್ರ. ಬಳಿಕ ಒಂದು ದೊಡ್ಡ ಚಮಚ ಶುಂಠಿ–ಬೆಳ್ಳುಳ್ಳಿ ಪೇಸ್ಟ್, ಸೀಳಿ ಹೆಚ್ಚಿದ ಮೂರು ಹಸಿಮೆಣಸಿನಕಾಯಿ ಸೇರಿಸಿ ಹಸಿವಾಸನೆ ಹೋಗುವವರೆಗೆ ಬಾಡಿಸಿ. ಕಾಲು ಚಮಚ ಅರಿಶಿನ, ಒಂದು ಚಮಚ ಬ್ಯಾಡಗಿ ಮೆಣಸಿನ ಪುಡಿ, ಒಂದೂವರೆ ಚಮಚ ಧನಿಯಾ ಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ ಹಾಕಿ, ಕೂಡಲೇ ಕೈಮಾ ಸೇರಿಸಿ ಉರಿಯನ್ನು ಹೆಚ್ಚಿಸಿ. ಉಪ್ಪನ್ನು ಮುಕ್ಕಾಲು ಚಮಚಕ್ಕಿಂತ ಹೆಚ್ಚು ಹಾಕಬೇಡಿ, ಏಕೆಂದರೆ ಚೀಸಿನಲ್ಲೂ ಉಪ್ಪಿದೆ, ಬೆಣ್ಣೆಯಲ್ಲೂ ಇದೆ. ಟೊಮೆಟೊ ಹಾಕಬಾರದು, ಹುಳಿ ಬೇಕಾದರೆ ಕೊನೆಯಲ್ಲಿ ಅರ್ಧ ನಿಂಬೆಹಣ್ಣು ಹಿಂಡಿದರೆ ಸಾಕು.

ಕೈಮಾ ಮೊದಲು ತನ್ನ ನೀರನ್ನು ತಾನೇ ಬಿಡುತ್ತದೆ. ಆ ನೀರಿನಲ್ಲೇ, ಮುಚ್ಚಳ ಮುಚ್ಚಿ, ನಡುನಡುವೆ ಉಂಡೆಗಟ್ಟದಂತೆ ಸೌಟಿನಿಂದ ಒಡೆಯುತ್ತ 20 ರಿಂದ 25 ನಿಮಿಷ ಬೇಯಿಸಬೇಕು. ಮಾಂಸ ಬಲಿತದ್ದಾಗಿದ್ದರೆ ಕಾಲು ಲೋಟ ಬಿಸಿನೀರು ಸೇರಿಸಿ ಇನ್ನೂ ಹತ್ತು ನಿಮಿಷ ಬಿಡಿ. ಮೆತ್ತಗಾದ ಮೇಲೆ ಮುಚ್ಚಳ ತೆಗೆದು, ದೊಡ್ಡ ಉರಿಯಲ್ಲಿ ನೀರೆಲ್ಲ ಇಂಗುವವರೆಗೆ ಹುರಿಯಿರಿ. ಇಲ್ಲಿ ಕಿವಿಗೂ ಕೆಲಸವಿದೆ: ನೀರಿರುವಾಗ ಬಾಣಲೆ ಕೊತಕೊತ ಎನ್ನುತ್ತಿರುತ್ತದೆ, ನೀರು ಮುಗಿದು ಜಿಡ್ಡು ಮಾತ್ರ ಉಳಿದಾಗ ಆ ಸದ್ದು ಚಟಪಟವಾಗಿ ಬದಲಾಗುತ್ತದೆ. ಆ ಸದ್ದು ಬದಲಾದ ಮೇಲೆ ಸೌಟನ್ನು ಬಾಣಲೆಯ ನಡುವೆ ಎಳೆದು ನೋಡಿ. ಎಳೆದ ದಾರಿ ಹಾಗೆಯೇ ತೆರೆದು ನಿಂತು, ಬದಿಯಿಂದ ರಸ ಹರಿದು ಬರದಿದ್ದರೆ ಕೈಮಾ ಸಿದ್ಧವಾಗಿದೆ. ಈಗ ಅರ್ಧ ಚಮಚ ಗರಂ ಮಸಾಲೆ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ನಾಲ್ಕೈದು ಎಲೆ ಪುದೀನ ಸೇರಿಸಿ, ಮೇಲೆ ಒಂದು ದೊಡ್ಡ ಚಮಚ ಹುರಿಗಡಲೆ ಪುಡಿಯನ್ನು ಉದುರಿಸಿ ಕಲಸಿ. ಕೈಮಾ ಉಂಡೆ ಕಟ್ಟುವಾಗ ನಮ್ಮ ಮನೆಗಳಲ್ಲಿ ಹುರಿಗಡಲೆ ಬಳಸುವುದು ಏತಕ್ಕೋ ಇಲ್ಲಿಯೂ ಅದಕ್ಕೇ: ಉಳಿದ ತೇವವನ್ನು ಅದು ಹೀರಿಕೊಂಡು ಇಡೀ ಮಿಶ್ರಣವನ್ನು ಒಂದಾಗಿ ಹಿಡಿಯುತ್ತದೆ. ಬ್ರೆಡ್ ಪುಡಿಯೂ ಈ ಕೆಲಸ ಮಾಡುತ್ತದೆ, ಆದರೆ ಹುರಿಗಡಲೆಯ ಪರಿಮಳ ಅದಕ್ಕಿಲ್ಲ.

ಚಕ್ಕೆ, ಲವಂಗಗಳನ್ನು ಹುಡುಕಿ ತೆಗೆಯಿರಿ. ಕೈಮಾವನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಬೆಂದ ಮಾಂಸವನ್ನು ಅಡುಗೆಕಟ್ಟೆಯ ಮೇಲೆ ರಾತ್ರಿಯಿಡೀ ಬಿಡುವುದು ಆರೋಗ್ಯಕ್ಕೂ ಸಲ್ಲದು. ಕೈಮಾವನ್ನು ತಣ್ಣಗಾಗಿಸುವುದರಲ್ಲಿ ಇನ್ನೊಂದು ಪ್ರಯೋಜನವೂ ಇದೆ. ಅದರ ಜಿಡ್ಡು ಫ್ರಿಜ್ಜಿನಲ್ಲಿ ಗಟ್ಟಿಯಾಗುವುದರಿಂದ ಮರುದಿನ ತುಂಬುವುದು ಸಲೀಸು. ಬೆಚ್ಚಗಿನ ಕೈಮಾ ತಗುಲಿ ಹಿಟ್ಟಿನ ಬೆಣ್ಣೆ ಕರಗುವ ಭಯವೂ ಇರುವುದಿಲ್ಲ.

ಯಾವ ಚೀಸ್

ಅಮೂಲ್‌ನಂಥ ಸಂಸ್ಕರಿತ ಚೀಸ್ ಕ್ಯೂಬ್‌ಗಳೇ ಈ ಪಫ್‌ಗೆ ಹೊಂದುತ್ತವೆ ಎಂಬುದು ನನ್ನ ಅಭಿಪ್ರಾಯ, ಅದು ಅಗ್ಗದ ದಾರಿ ಎಂಬ ಕಾರಣಕ್ಕಲ್ಲ. ಸಂಸ್ಕರಿತ ಚೀಸಿನಲ್ಲಿ ಸೇರಿಸುವ ಲವಣಗಳು ಅದರ ಕೊಬ್ಬನ್ನೂ ಪ್ರೋಟೀನನ್ನೂ ಬೇರ್ಪಡದಂತೆ ಹಿಡಿದಿಡುತ್ತವೆ. ಹಾಗಾಗಿ ಅರ್ಧ ಗಂಟೆ ಓವನ್ನಿನ ಬಿಸಿಯಲ್ಲಿದ್ದರೂ ಅದು ಎಣ್ಣೆ ಬಿಡದೆ, ಮೆತ್ತಗೆ, ಕೆನೆಯಂತೆ ಉಳಿಯುತ್ತದೆ. ಹಳೆಯದಾಗಿ ಮಾಗಿಸಿದ ಚೆಡ್ಡರ್‌ಗೆ ರುಚಿ ಹೆಚ್ಚು, ಆದರೆ ಅದು ಬಿಸಿಯಲ್ಲಿ ಎಣ್ಣೆ ಒಡೆಯುತ್ತದೆ. ಮೊಜರೆಲ್ಲಾ ನೂಲಿನಂತೆ ಎಳೆಯುವುದು ನೋಡಲು ಚೆಂದವಾದರೂ ಅದರಲ್ಲಿ ನೀರು ಹೆಚ್ಚು. ಅದೇ ಬೇಕೆನ್ನುವವರು ತುಂಡು ಮಾಡಿ ಬಟ್ಟೆಯಲ್ಲಿ ಒತ್ತಿ ತೇವ ತೆಗೆದು, ಸಂಸ್ಕರಿತ ಚೀಸಿನೊಂದಿಗೆ ಅರ್ಧಕ್ಕರ್ಧ ಬೆರೆಸಿಕೊಳ್ಳಬಹುದು. ಬಿಸಿ ಹಾಲನ್ನು ಹುಳಿಯಿಂದ ಒಡೆಸಿ ಮಾಡುವ ಪನೀರ್ ಕರಗುವುದೇ ಇಲ್ಲ, ಆದ್ದರಿಂದ ಅದು ಇಲ್ಲಿ ಚೀಸಿನ ಕೆಲಸ ಮಾಡಲಾರದು.

25 ಗ್ರಾಂ ತೂಕದ ಆರು ಕ್ಯೂಬ್‌ಗಳನ್ನು ತೆಗೆದುಕೊಂಡು, ಒಂದೊಂದನ್ನೂ ಎರಡು ತುಂಡು ಮಾಡಿ, ಪಫ್ ತುಂಬುವ ಇಪ್ಪತ್ತು ನಿಮಿಷ ಮುಂಚೆ ಫ್ರೀಜರಿನಲ್ಲಿಡಿ. ಚೀಸನ್ನು ತುರಿದು ಕೈಮಾಕ್ಕೆ ಬೆರೆಸಬಾರದು. ತುರಿದದ್ದು ಬೇಗ ಕರಗಿ, ದಾರಿ ಸಿಕ್ಕ ಕಡೆಯಿಂದ ಹೊರಗೆ ಬರುತ್ತದೆ. ಇಡಿಯಾದ ತುಂಡು ಕೈಮಾದ ನಡುವೆ ಕೂತರೆ ಸುತ್ತಲಿನ ಮಾಂಸವೇ ಅದಕ್ಕೆ ತಡೆಗೋಡೆ. ಕಚ್ಚಿದಾಗ ಮೊದಲು ಗರಿಗರಿ ಪದರ, ಆಮೇಲೆ ಖಾರದ ಕೈಮಾ, ಕೊನೆಯಲ್ಲಿ ಚೀಸ್ ಎಂಬ ಕ್ರಮವೂ ಉಳಿಯುತ್ತದೆ.

ಕಣಕ ಮತ್ತು ಬೆಣ್ಣೆ

300 ಗ್ರಾಂ ಮೈದಾ, ಅರ್ಧ ಚಮಚ ಉಪ್ಪು, 30 ಗ್ರಾಂ ತಣ್ಣನೆಯ ಬೆಣ್ಣೆ ಇವನ್ನು ಬೆರಳ ತುದಿಯಿಂದ ಉಜ್ಜಿ, ಒಂದು ಚಮಚ ನಿಂಬೆರಸ ಬೆರೆಸಿದ 150 ಮಿಲಿಲೀಟರ್ ಫ್ರಿಜ್ ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕುತ್ತ ಕಲಸಬೇಕು. ಮೈದಾ ಒಂದೊಂದು ಬ್ರಾಂಡಿನದು ಒಂದೊಂದು ಥರ ನೀರು ಕುಡಿಯುವುದರಿಂದ ಹತ್ತು ಮಿಲಿಲೀಟರ್ ಆಚೀಚೆ ಆಗಬಹುದು. ಹದ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಒಬ್ಬಟ್ಟಿನ ಕಣಕದಂತೆ ಮೆತ್ತಗೆ, ಎಳೆಯುವಂತೆ ನಾದುವ ಅಗತ್ಯ ಇಲ್ಲಿಲ್ಲ. ಒರಟಾಗಿ ಒಂದುಗೂಡಿದರೆ ಸಾಕು, ಮುಂದೆ ಲಟ್ಟಿಸುವುದೇ ನಾದುವ ಕೆಲಸವನ್ನು ಮಾಡುತ್ತದೆ. ಈಗಲೇ ಹೆಚ್ಚು ನಾದಿದರೆ ಜಿಗುಟು ಬಲಿತು, ಲಟ್ಟಿಸಿದಷ್ಟೂ ಹಿಟ್ಟು ಹಿಂದಕ್ಕೆ ಕುಗ್ಗುತ್ತದೆ. ನಿಂಬೆರಸ ಹಾಕುವುದು ಹಿಟ್ಟು ಸಲೀಸಾಗಿ ಹಿಗ್ಗಲೆಂದು. ಕಣಕವನ್ನು ಚೌಕಾಕಾರವಾಗಿ ಒತ್ತಿ, ಗಾಳಿ ತಗುಲದಂತೆ ಸುತ್ತಿ, ಕನಿಷ್ಠ ಒಂದು ಗಂಟೆ ಅಥವಾ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ.

ಪದರಕ್ಕೆ ಬೇಕಾಗುವ ಬೆಣ್ಣೆ 200 ಗ್ರಾಂ. ಉಪ್ಪುಬೆಣ್ಣೆಯನ್ನೇ ಲೆಕ್ಕಕ್ಕೆ ಹಿಡಿದು ಕಣಕದ ಉಪ್ಪನ್ನು ಕಡಿಮೆ ಹೇಳಿದ್ದೇನೆ. ಉಪ್ಪಿಲ್ಲದ ಬೆಣ್ಣೆ ಬಳಸುವವರು ಕಣಕಕ್ಕೆ ಒಂದು ಚಮಚ ಉಪ್ಪು ಹಾಕಬೇಕು. ಮನೆಯಲ್ಲಿ ಕಡೆದ ಬೆಣ್ಣೆ ಈ ಕೆಲಸಕ್ಕೆ ಒಗ್ಗುವುದಿಲ್ಲ. ಅದರಲ್ಲಿ ಮಜ್ಜಿಗೆಯ ನೀರು ಹೆಚ್ಚಿರುತ್ತದೆ, ಒಂದು ಸಲ ಇದ್ದ ಹದ ಇನ್ನೊಂದು ಸಲ ಇರುವುದಿಲ್ಲ. ಅನೇಕ ಬೇಕರಿಗಳಲ್ಲಿ ಬೆಣ್ಣೆಯ ಬದಲು ಪಫ್‌ಗೆಂದೇ ತಯಾರಾದ ಮಾರ್ಗರೀನ್ ಬಳಸುತ್ತಾರೆ. ಬೆಣ್ಣೆ 32–35 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕರಗಿಬಿಡುತ್ತದೆ, ಆ ಮಾರ್ಗರೀನ್ ಅದಕ್ಕಿಂತ ಹೆಚ್ಚಿನ ಬಿಸಿಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ. ಇಡೀ ದಿನ ಒಲೆಯ ಪಕ್ಕದಲ್ಲಿ ನಿಂತು ನೂರಾರು ಪಫ್ ಮಾಡುವವರಿಗೆ ಅದು ಅನಿವಾರ್ಯ ಇರಬಹುದು. ಆದರೆ ಬಾಯ ಬಿಸಿಯಲ್ಲಿ ಅದು ಪೂರ್ತಿ ಕರಗದೆ ಅಂಗುಳಿಗೆ ಮೇಣದಂತೆ ಅಂಟುತ್ತದೆ. ಮನೆಯಲ್ಲಿ ಹನ್ನೆರಡೇ ಪಫ್ ಮಾಡುವಾಗ ನಾವೇಕೆ ಬೆಣ್ಣೆಯ ರುಚಿಯನ್ನು ಬಿಟ್ಟುಕೊಡಬೇಕು?

ಬೆಣ್ಣೆಯನ್ನು ಎರಡು ಬಟರ್ ಪೇಪರ್ ನಡುವೆ ಇಟ್ಟು, ಲಟ್ಟಣಿಗೆಯಿಂದ ಬಡಿದು, 15 ಸೆಂಟಿಮೀಟರ್ ಚೌಕದ ಹಲಗೆಯಂತೆ ಮಾಡಿಕೊಳ್ಳಿ. ಅಂಚುಗಳು ನೇರವಾಗಿರಲಿ, ದಪ್ಪ ಎಲ್ಲೆಡೆ ಒಂದೇ ಇರಲಿ. ಅದನ್ನು ಫ್ರಿಜ್ಜಿನಲ್ಲಿ ಹತ್ತು ನಿಮಿಷವಿಟ್ಟು ತೆಗೆದು, ಪೇಪರ್ ಸಮೇತ ಲಟ್ಟಣಿಗೆಯ ಮೇಲೆ ಮೆಲ್ಲಗೆ ಬಾಗಿಸಿ ನೋಡಿ. ಪಟ್ಟೆಂದು ಮುರಿದರೆ ಬೆಣ್ಣೆ ತೀರ ತಣ್ಣಗಿದೆ, ಲಟ್ಟಿಸುವಾಗ ಪದರದೊಳಗೆ ಚೂರುಚೂರಾಗುತ್ತದೆ. ಬೆರಳ ಗುರುತು ಆಳವಾಗಿ ಬಿದ್ದು ಹೊಳೆದರೆ ತೀರ ಮೆತ್ತಗಿದೆ, ಬದಿಯಿಂದ ಹೊರಗೆ ಬರುತ್ತದೆ. ತೊಗಲಿನಂತೆ ಮುರಿಯದೆ ಬಾಗಿದರೆ ಅದು ಸರಿಯಾದ ಹದ. ಥರ್ಮಾಮೀಟರ್ ಇರುವವರಿಗೆ ಹೇಳುವುದಾದರೆ ಸುಮಾರು 13ರಿಂದ 18 ಡಿಗ್ರಿ. ಬೆಣ್ಣೆಯ ಗಟ್ಟಿತನವೂ ಕಣಕದ ಗಟ್ಟಿತನವೂ ಒಂದೇ ಸಮ ಇದ್ದಾಗ ಮಾತ್ರ ಲಟ್ಟಣಿಗೆಯ ಕೆಳಗೆ ಅವೆರಡೂ ಜೊತೆಜೊತೆಯಾಗಿ ಹಿಗ್ಗುತ್ತವೆ. ಈ ಇಡೀ ಕೆಲಸದಲ್ಲಿ ಕೈ ಕಲಿಯಬೇಕಾದದ್ದು ಏನಾದರೂ ಇದ್ದರೆ ಇದೊಂದೇ.

ಮಡಿಕೆ ಹಾಕುವುದು

ಕಣಕವನ್ನು 22 ಸೆಂಟಿಮೀಟರ್ ಚೌಕವಾಗಿ ಲಟ್ಟಿಸಿ, ಅದರ ಮೇಲೆ ಬೆಣ್ಣೆಯ ಚೌಕವನ್ನು ಓರೆಯಾಗಿ, ಅಂದರೆ ಬೆಣ್ಣೆಯ ಮೂಲೆಗಳು ಕಣಕದ ಬದಿಗಳ ನಡುಭಾಗಕ್ಕೆ ತಾಗುವಂತೆ ಇಡಿ. ಉಳಿದ ನಾಲ್ಕು ಮೂಲೆಗಳನ್ನು ಒಳಕ್ಕೆ ಮಡಚಿದರೆ ಅವು ನಡುವೆ ಸರಿಯಾಗಿ ಕೂಡುತ್ತವೆ. ಕೂಡಿದ ಅಂಚುಗಳನ್ನು ಚಿವುಟಿ ಮುಚ್ಚಿ. ಬೆಣ್ಣೆ ಎಲ್ಲಿಯೂ ಹೊರಗೆ ಕಾಣಬಾರದು.

ಕಟ್ಟೆಯ ಮೇಲೆ ತೆಳುವಾಗಿ ಮೈದಾ ಉದುರಿಸಿ, ಮೊದಲು ಲಟ್ಟಣಿಗೆಯಿಂದ ಮೇಲಿನಿಂದ ಅಲ್ಲಲ್ಲಿ ಒತ್ತಿ, ಆಮೇಲೆ ಉದ್ದಕ್ಕೆ ಮಾತ್ರ ಲಟ್ಟಿಸುತ್ತ 45 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ಪಟ್ಟಿ ಮಾಡಿಕೊಳ್ಳಿ. ಚಪಾತಿಯಂತೆ ಎಲ್ಲ ಕಡೆಗೂ ತಿರುಗಿಸಿ ಲಟ್ಟಿಸುವ ಅಭ್ಯಾಸವನ್ನು ಇಲ್ಲಿ ತಡೆದುಕೊಳ್ಳಬೇಕು. ಮೇಲಿರುವ ಒಣ ಮೈದಾವನ್ನು ಬ್ರಷ್‌ನಿಂದ ಗುಡಿಸಿ, ಪಟ್ಟಿಯನ್ನು ಇನ್‌ಲ್ಯಾಂಡ್ ಪತ್ರದಂತೆ ಮೂರು ಮಡಿಕೆ ಮಾಡಿ. ಇದು ಒಂದು ಸುತ್ತು. ಹಿಟ್ಟನ್ನು ಕಾಲು ಸುತ್ತು ತಿರುಗಿಸಿ, ತೆರೆದ ತುದಿಗಳು ನಿಮ್ಮ ಕಡೆಗೆ ಇರುವಂತೆ ಇಟ್ಟುಕೊಂಡು, ಮತ್ತೆ ಅಷ್ಟೇ ಉದ್ದಕ್ಕೆ ಲಟ್ಟಿಸಿ ಮತ್ತೆ ಮೂರು ಮಡಿಕೆ ಮಾಡಿ. ಎರಡು ಸುತ್ತು ಆದ ಮೇಲೆ ಸುತ್ತಿ ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬಳಿಕ ಇನ್ನೆರಡು ಸುತ್ತು, ಮತ್ತೆ ಅರ್ಧ ಗಂಟೆ; ಕೊನೆಗೆ ಐದನೆಯ ಸುತ್ತು, ಅದಾದ ಮೇಲೆ ಒಂದು ಗಂಟೆ ವಿಶ್ರಾಂತಿ. ಎಷ್ಟು ಸುತ್ತು ಆಯಿತೆಂಬುದು ಮರೆಯುವುದು ಸಹಜ, ಆದ್ದರಿಂದ ಫ್ರಿಜ್ಜಿಗೆ ಇಡುವ ಮುನ್ನ ಹಿಟ್ಟಿನ ಮೇಲೆ ಬೆರಳಿನಿಂದ ಅಷ್ಟು ಗುಳಿ ಒತ್ತಿಡಿ.

ಒಂದೊಂದು ಸುತ್ತಿಗೂ ಬೆಣ್ಣೆಯ ಪದರ ಮೂರು ಪಟ್ಟಾಗುತ್ತದೆ: 3, 9, 27, 81, ಐದನೆಯದಕ್ಕೆ 243. ಆರನೆಯ ಸುತ್ತು ಹಾಕಿದರೆ 729. ನಮ್ಮ ಹವೆಯಲ್ಲಿ ಐದಕ್ಕೆ ನಿಲ್ಲಿಸುವುದು ಮೇಲು. ಪದರ ಅತಿ ತೆಳುವಾದಷ್ಟೂ ಬೆಣ್ಣೆ ಕಣಕದೊಳಗೆ ಕರಗಿ ಹೋಗುವ ಸಂಭವ ಹೆಚ್ಚು, ಕೈಮಾದ ಭಾರ ಹೊರಬೇಕಾದ ಪಫ್‌ಗೆ ಅಷ್ಟು ನವಿರು ಬೇಕಾಗಿಯೂ ಇಲ್ಲ. ಲಟ್ಟಿಸುವಾಗ ಎಲ್ಲಾದರೂ ಬೆಣ್ಣೆ ಹೊರಗೆ ಇಣುಕಿದರೆ ಅಲ್ಲಿಗೆ ಚಿಟಿಕೆ ಮೈದಾ ಹಚ್ಚಿ ಹದಿನೈದು ನಿಮಿಷ ಫ್ರಿಜ್ಜಿಗೆ ಕಳುಹಿಸಿ. ಹಿಟ್ಟು ಹಿಂದಕ್ಕೆ ಕುಗ್ಗುತ್ತಿದ್ದರೂ ಮದ್ದು ಅದೇ, ಬಲ ಹಾಕಿ ಎಳೆಯುವುದಲ್ಲ.

ಕತ್ತರಿಸಿ ತುಂಬುವುದು

ಹಿಟ್ಟನ್ನು 38 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಉದ್ದಕ್ಕೆ ಲಟ್ಟಿಸಿದರೆ ದಪ್ಪ ಮೂರು ಮಿಲಿಮೀಟರ್ ಆಸುಪಾಸಿಗೆ ಬರುತ್ತದೆ. ಕಟ್ಟೆಯಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಹಿಟ್ಟನ್ನು ಎರಡು ಭಾಗ ಮಾಡಿ, ಒಂದನ್ನು ಫ್ರಿಜ್ಜಿನಲ್ಲೇ ಬಿಟ್ಟು ಇನ್ನೊಂದರಲ್ಲಿ ಕೆಲಸ ಮಾಡಿ. ನಾಲ್ಕೂ ಬದಿಯಿಂದ ಒಂದೊಂದು ಸೆಂಟಿಮೀಟರ್ ಕತ್ತರಿಸಿ ತೆಗೆಯಿರಿ, ಏಕೆಂದರೆ ಅಂಚಿನಲ್ಲಿ ಮಡಿಕೆಗಳು ಮುಚ್ಚಿಕೊಂಡಿರುವುದರಿಂದ ಅಲ್ಲಿ ಪದರ ಏಳುವುದಿಲ್ಲ. ಉಳಿದದ್ದರಲ್ಲಿ 12 ಸೆಂಟಿಮೀಟರ್‌ನ ಹನ್ನೆರಡು ಚೌಕಗಳು ಸಿಗುತ್ತವೆ. ಚಾಕು ಹರಿತವಾಗಿರಬೇಕು, ಅದನ್ನು ಎಳೆಯದೆ ನೇರವಾಗಿ ಕೆಳಕ್ಕೆ ಒತ್ತಬೇಕು. ಮೊಂಡು ಚಾಕುವಿನಿಂದ ಎಳೆದರೆ ಪದರಗಳ ತುದಿಗಳೆಲ್ಲ ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಸರಿಯಾಗಿ ಕತ್ತರಿಸಿದ ಚೌಕವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಅಂಚಿನಲ್ಲಿ ಮುಚ್ಚಿದ ಪುಸ್ತಕದ ಹಾಳೆಗಳಂತೆ ಸಣ್ಣ ಗೆರೆಗಳು ಕಾಣಿಸುತ್ತವೆ. ಅದನ್ನು ಕಂಡ ಮೇಲೆ ಬೆಳಗಿನಿಂದ ಪಟ್ಟ ಶ್ರಮ ಶ್ರಮವೆನಿಸುವುದಿಲ್ಲ.

ಬೇಕರಿಗಳಲ್ಲಿ ಎರಡು ಬದಿಗಳನ್ನು ಮಡಚಿ ಇನ್ನೆರಡನ್ನು ತೆರೆದೇ ಬಿಡುವುದು ರೂಢಿ. ಆಲೂಗಡ್ಡೆ ಪಲ್ಯಕ್ಕೆ ಅದು ಸಾಕು. ಚೀಸ್ ಇರುವ ಪಫ್‌ಗೆ ಬಾಯಿ ಮುಚ್ಚಲೇಬೇಕು, ಆದ್ದರಿಂದ ತ್ರಿಕೋನವೇ ಒಳ್ಳೆಯ ಆಕಾರ. ಚೌಕದ ಒಂದು ಅರ್ಧದ ಮೇಲೆ, ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಬಿಟ್ಟು, ಒಂದು ದೊಡ್ಡ ಚಮಚ ತಣ್ಣನೆಯ ಕೈಮಾ ಹರಡಿ, ಅದರ ಮೇಲೆ ಚೀಸ್ ತುಂಡು ಇಟ್ಟು, ಮೇಲೆ ಮತ್ತೊಂದು ಚಮಚ ಕೈಮಾದಿಂದ ಮುಚ್ಚಿ. ಒಂದು ಪಫ್‌ಗೆ ಒಟ್ಟು 40 ಗ್ರಾಂ ಕೈಮಾ ಹಿಡಿಸುತ್ತದೆ. ಇನ್ನೂ ತುಂಬೋಣ ಎಂಬ ಆಸೆ ಬರುವುದು ಸಹಜವಾದರೂ ಹೆಚ್ಚು ತುಂಬಿದ ಪಫ್ ಬಿರಿಯುತ್ತದೆ, ಇಲ್ಲವೇ ಒಳಗೆ ಹಸಿಯಾಗಿ ಉಳಿಯುತ್ತದೆ. ಅಂಚಿಗೆ ಬೆರಳಿನಿಂದ ತೆಳುವಾಗಿ ನೀರು ಸವರಿ, ಮೂಲೆಯಿಂದ ಮೂಲೆಗೆ ಮಡಚಿ, ಒಳಗಿನ ಗಾಳಿಯನ್ನು ಹೊರದೂಡುತ್ತ ಒತ್ತಿ. ಒತ್ತುವುದು ತುದಿಯ ಮೇಲಲ್ಲ, ತುದಿಯಿಂದ ಅರ್ಧ ಸೆಂಟಿಮೀಟರ್ ಒಳಗೆ. ಕರಿಗಡುಬಿನ ಅಂಚು ತಿರುವಿದಂತೆ ಇಲ್ಲಿ ತಿರುವಬಾರದು, ತಿರುವಿದ ಕಡೆ ಹಿಟ್ಟು ಏಳದೆ ಗಟ್ಟಿಯಾಗುತ್ತದೆ.

ತುಂಬಿದ ಪಫ್‌ಗಳನ್ನು ಬಟರ್ ಪೇಪರ್ ಹಾಸಿದ ತಟ್ಟೆಯಲ್ಲಿ ಮೂರು ಸೆಂಟಿಮೀಟರ್ ಅಂತರ ಬಿಟ್ಟು ಜೋಡಿಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಈ ಕೊನೆಯ ಅರ್ಧ ಗಂಟೆಯನ್ನು ಬಿಟ್ಟುಬಿಡುವವರೇ ಹೆಚ್ಚು, ಬಿಡಬಾರದು. ಕೈಯ ಬಿಸಿಗೆ ಮೆತ್ತಗಾದ ಬೆಣ್ಣೆ ಮತ್ತೆ ಗಟ್ಟಿಯಾಗುವುದು ಈ ಹೊತ್ತಿನಲ್ಲಿ. ಓವನ್ ಕಾಯಿಸಲು ಹೇಗೂ ಸಮಯ ಬೇಕು.

ಓವನ್ನಿನಲ್ಲಿ

ಓಟಿಜಿಯ ಮೇಲಿನ, ಕೆಳಗಿನ ಎರಡೂ ರಾಡುಗಳನ್ನು ಹಾಕಿ 220 ಡಿಗ್ರಿಗೆ ಕನಿಷ್ಠ ಹದಿನೈದು ನಿಮಿಷ ಕಾಯಿಸಿ. ಒಂದು ಮೊಟ್ಟೆಗೆ ಒಂದು ಚಮಚ ಹಾಲು ಬೆರೆಸಿ, ಪಫ್‌ನ ಮೇಲ್ಭಾಗಕ್ಕೆ ಮಾತ್ರ ಸವರಿ. ಕತ್ತರಿಸಿದ ಅಂಚಿನ ಮೇಲೆ ಮೊಟ್ಟೆ ಇಳಿದರೆ ಅದು ಅಂಟಿನಂತೆ ಒಣಗಿ ಪದರಗಳನ್ನು ಏಳಗೊಡುವುದಿಲ್ಲ. ಹಬೆ ಹೋಗಲೆಂದು ಚಾಕುವಿನ ತುದಿಯಿಂದ ಮೇಲೆ ಎರಡು ಸಣ್ಣ ಸೀಳು ಹಾಕಿ. ಕರಿ ಎಳ್ಳು ಉದುರಿಸಬಹುದು. ಮಾಂಸದ ಪಫ್, ತರಕಾರಿ ಪಫ್ ಎರಡನ್ನೂ ಮಾಡಿರುವ ಮನೆಯಲ್ಲಿ ಅದು ಗುರುತಿಗೂ ಆಗುತ್ತದೆ.

ನಡುವಿನ ಅಂತಸ್ತಿನಲ್ಲಿಟ್ಟು 220 ಡಿಗ್ರಿಯಲ್ಲಿ 15 ನಿಮಿಷ, ಬಳಿಕ 190ಕ್ಕೆ ಇಳಿಸಿ ಇನ್ನೂ 15ರಿಂದ 18 ನಿಮಿಷ ಬೇಯಿಸಬೇಕು. ಮೊದಲ ಹದಿನೈದು ನಿಮಿಷ ಬಾಗಿಲು ತೆಗೆಯಬೇಡಿ, ಹಬೆ ಎತ್ತುತ್ತಿರುವಾಗ ತಣ್ಣನೆಯ ಗಾಳಿ ನುಗ್ಗಿದರೆ ಎದ್ದ ಪದರ ಕುಸಿಯುತ್ತದೆ. ಕನ್ವೆಕ್ಷನ್ ಇರುವ ಮೈಕ್ರೋವೇವ್ ಓವನ್ ಆದರೆ ಎರಡು ಹಂತದಲ್ಲೂ 15–20 ಡಿಗ್ರಿ ಕಡಿಮೆ ಇಡಿ. ಬರಿಯ ಮೈಕ್ರೋವೇವ್‌ನಲ್ಲಿ ಪಫ್ ಆಗುವುದಿಲ್ಲ. ಏರ್ ಫ್ರೈಯರ್‌ನಲ್ಲಿ 180 ಡಿಗ್ರಿಯಲ್ಲಿ ಮೂರು ನಾಲ್ಕರಂತೆ ಮಾಡಬಹುದು. ಮೇಲೆ ಬೇಗ ಕೆಂಪಾಗಿ ತಳ ಹಿಂದುಳಿಯುವುದರಿಂದ ಕೊನೆಯ ಐದು ನಿಮಿಷ ಮಗುಚಿ ಹಾಕಿ.

ಬಣ್ಣ ಹೊಂಬಣ್ಣಕ್ಕೆ ಬಂದೊಡನೆ ತೆಗೆಯುವುದು ಸಾಮಾನ್ಯ ತಪ್ಪು. ಮೇಲ್ಮೈ ಹೊಂಬಣ್ಣವಾದಾಗ ಒಳಗಿನ ಪದರ ಇನ್ನೂ ಹಸಿಯಾಗಿಯೇ ಇರುತ್ತದೆ. ಬೆಲ್ಲದ ಪಾಕದಂಥ ಕಂದು ಬರಬೇಕು, ಬದಿಯ ಪದರಗಳೂ ಬಿಳಿ ಉಳಿಯದೆ ಬಣ್ಣ ಹಿಡಿದಿರಬೇಕು. ಒಂದು ಪಫ್ ಎತ್ತಿ ತಳವನ್ನು ಉಗುರಿನಿಂದ ತಟ್ಟಿ ನೋಡಿ: ಒಣಗಿದ ಎಲೆ ತಟ್ಟಿದಂತೆ ಟಕಟಕ ಸದ್ದು ಬಂದರೆ ಬೆಂದಿದೆ, ಮಂಕಾಗಿ ಕೇಳಿದರೆ ಇನ್ನೂ ಐದು ನಿಮಿಷ ಬೇಕು. ಸೀಳಿನಲ್ಲಿ ಒಂದೆರಡು ಹನಿ ಚೀಸ್ ಇಣುಕಿದ್ದರೆ ಅದು ದೋಷವಲ್ಲ.

ತೆಗೆದ ಪಫ್‌ಗಳನ್ನು ತಟ್ಟೆಯಲ್ಲೇ ಬಿಡದೆ ಜಾಲರಿಯ ಮೇಲಿಡಿ, ಇಲ್ಲದಿದ್ದರೆ ತನ್ನ ಹಬೆಗೆ ತಾನೇ ಬೆವರಿ ತಳ ಮೆತ್ತಗಾಗುತ್ತದೆ. ಹತ್ತು ನಿಮಿಷ ಕಾಯದೆ ಮಕ್ಕಳ ಕೈಗೆ ಕೊಡಬೇಡಿ, ಒಳಗಿನ ಚೀಸ್ ಹೊರಗಿನ ಪದರಕ್ಕಿಂತ ಬಹಳ ಹೊತ್ತು ಸುಡುತ್ತಿರುತ್ತದೆ.

ಒಂದೇ ದಿನ ಹನ್ನೆರಡೂ ಬೇಡವಾದರೆ ಬೇಯಿಸದ ಪಫ್‌ಗಳನ್ನು ಮೊಟ್ಟೆ ಸವರದೆ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಟ್ಟು ಫ್ರೀಜರಿನಲ್ಲಿ ಗಟ್ಟಿಮಾಡಿ, ಆಮೇಲೆ ಡಬ್ಬಿಗೆ ತುಂಬಿ ಒಂದು ತಿಂಗಳವರೆಗೆ ಇಡಬಹುದು. ಬೇಯಿಸುವಾಗ ಕರಗಿಸಲು ಹೊರಗೆ ಇಡಬೇಡಿ. ಫ್ರೀಜರಿನಿಂದ ನೇರವಾಗಿ ಓವನ್ನಿಗೆ ಹಾಕಿ, ಎಂಟು ಹತ್ತು ನಿಮಿಷ ಹೆಚ್ಚು ಕೊಡಿ. ಬೆಂದು ಉಳಿದ ಪಫ್ ಮಾಂಸದ್ದಾದ್ದರಿಂದ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಮರುದಿನ 170 ಡಿಗ್ರಿಯಲ್ಲಿ ಹತ್ತು ನಿಮಿಷ, ನಡುಭಾಗವೂ ಚೆನ್ನಾಗಿ ಬಿಸಿಯಾಗುವಂತೆ ಕಾಯಿಸಿದರೆ ಗರಿಗರಿ ಮರಳಿ ಬರುತ್ತದೆ, ಮೈಕ್ರೋವೇವ್‌ಗೆ ಇಟ್ಟರೆ ತೊಗಲಾಗುತ್ತದೆ.

ಅಂಚಿನಿಂದ ಕತ್ತರಿಸಿದ ಪಟ್ಟಿಗಳನ್ನು ಉಂಡೆ ಮಾಡಿ ನಾದಬೇಡಿ, ಅಷ್ಟು ಹೊತ್ತು ಹಾಕಿದ ಪದರವೆಲ್ಲ ಒಂದೇ ಏಟಿಗೆ ಹೋಗುತ್ತದೆ. ಒಂದರ ಮೇಲೊಂದು ಜೋಡಿಸಿ ಮೆಲ್ಲಗೆ ಲಟ್ಟಿಸಿ, ಜೀರಿಗೆ, ಚಿಟಿಕೆ ಮೆಣಸಿನ ಪುಡಿ, ಉಳಿದ ಚೀಸಿನ ತುರಿ ಉದುರಿಸಿ, ಬೆರಳಗಲ ಕತ್ತರಿಸಿ ಹುರಿಯಂತೆ ತಿರುಚಿ. ಪಫ್ ತೆಗೆದ ಓವನ್ನಿನ ಬಿಸಿ ಇನ್ನೂ ಇರುವಾಗಲೇ 190 ಡಿಗ್ರಿಯಲ್ಲಿ ಹನ್ನೆರಡು ನಿಮಿಷಕ್ಕೆ ಅವು ಬೆಂದು, ಸಂಜೆಯ ಕಾಫಿಗೆ ಖಾರದ ಕಡ್ಡಿಗಳಾಗುತ್ತವೆ.